ಮನೇಲೇ ಕೂತು ಬೈಕ್ ರೇಸ್ ನೋಡೋದು ಹೇಗೆ?

ಕ್ರಿಕೆಟ್ ಬಗ್ಗೆ ಬರೆದರೆ ಓದೋಕೆ ನೂರು ಜನ ಇರ್ತಾರೆ. ಬೈಕ್ ರೇಸ್ ಬಗ್ಗೆ ಬರೆದರೆ ನಾನು, ನನ್ನಿಬ್ಬರು ಗೆಳೆಯರು, ಅಷ್ಟೇ :) ಆದರೂ ಬರೀತಿದ್ದೀನಿ. ಯಾಕೆಂದರೆ ಪ್ರತಿ ಸೋಮವಾರ ಆಫೀಸಿನಲ್ಲಿ ಯಾರಾದರೊಬ್ಬರು "ಅದೇನೋ ಮೋಟೋಜಿಪಿ ಅಂತೀಯಲ್ಲ ಮಾರಾಯ, ಅದನ್ನ ಎಲ್ಲಿ ನೋಡ್ತೀಯ?" ಅಂತ ಕೇಳೇ ಕೇಳ್ತಾರೆ. ಪ್ರತಿ ಸಲ ಅರ್ಧ ಉತ್ತರ ಹೇಳಿ ಚಹಾ ಮುಗಿಸಿ ಎದ್ದುಬಿಡ್ತೀನಿ. ಪೂರ್ತಿ ಉತ್ತರ ಒಂದೇ ಕಡೆ ಇರಲಿ ಅಂತ ಈ ಬರಹ. ಜೊತೆಗೆ ನನ್ನದೊಂದು ಅಭಿಪ್ರಾಯವೂ ಇದೆ. ಎಲ್ಲಿ ನೋಡ್ತೀವಿ ಅನ್ನೋದಕ್ಕಿಂತ ಹೇಗೆ ನೋಡ್ತೀವಿ ಅನ್ನೋದು ಮುಖ್ಯ. ಅದು ಯಾಕೆ ಅಂತ ಆಮೇಲೆ ಹೇಳ್ತೀನಿ, ಸ್ವಲ್ಪ ತಾಳ್ಮೆ ಇರಲಿ.

ಗೊತ್ತಿಲ್ಲದವರಿಗೆ ಎರಡು ಮಾತು. 1949ರಿಂದ ನಡೀತಿರೋ ವಿಶ್ವ ಚಾಂಪಿಯನ್‌ಶಿಪ್ ಇದು. ಫಾರ್ಮುಲಾ ಒನ್‌ಗಿಂತ ಒಂದು ವರ್ಷ ಹಿರಿಯಣ್ಣ! ಮೂರು ವರ್ಗ ಇವೆ. ಮೋಟೋ3 ಅಂದರೆ 250 ಸಿಸಿಯ ಪುಟ್ಟ ಬೈಕುಗಳು, ಓಡಿಸೋರು ಹೆಚ್ಚಿನವರು ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗರು. ಮೋಟೋ2ರಲ್ಲಿ ಎಲ್ಲರಿಗೂ ಒಂದೇ ಎಂಜಿನ್, 2019ರಿಂದ ಟ್ರಯಂಫ್ ಕಂಪನಿಯ 765 ಸಿಸಿ. ಕೊನೆಗೆ ಮೋಟೋಜಿಪಿ. ಇಲ್ಲಿ ನೇರ ರಸ್ತೆಯಲ್ಲಿ ಗಂಟೆಗೆ 366 ಕಿ.ಮೀ. ವೇಗ ದಾಖಲಾಗಿದೆ. 2023ರಲ್ಲಿ ಇಟಲಿಯ ಮುಜೆಲ್ಲೋದಲ್ಲಿ ಬ್ರ್ಯಾಡ್ ಬಿಂಡರ್ ಮಾಡಿದ್ದು. ನಮ್ಮ ಬೆಂಗಳೂರು ಸಿಲ್ಕ್ ಬೋರ್ಡ್ ಕಡೆಯವರು ಈ ಸಂಖ್ಯೆಯನ್ನ ಇನ್ನೊಂದು ಸಲ ಓದಿಕೊಳ್ಳಿ :D

ಮೊದಲು ಸಮಯದ ವಿಚಾರ. ನಮ್ಮಷ್ಟು ಅದೃಷ್ಟವಂತ ನೋಡುಗರು ಬೇರೆಲ್ಲೂ ಇಲ್ಲ ಅಂತ ನನಗನ್ನಿಸುತ್ತೆ. ಯೂರೋಪಿನ ರೇಸುಗಳು ಅಲ್ಲಿ ಮಧ್ಯಾಹ್ನ ಎರಡಕ್ಕೆ, ನಮಗೆ ಸಂಜೆ ಐದೂವರೆ. ಭಾನುವಾರ ಊಟ ಮಾಡಿ, ಒಂದು ನಿದ್ದೆ ತೆಗೆದು, ಎದ್ದು ಮುಖ ತೊಳೆದು ಕಾಫಿ ಲೋಟ ಹಿಡಿದು ಕೂತರೆ ಸರಿಯಾಗಿ ಶುರು. ಜಪಾನಿನ ಮೊಟೆಗಿ ಬೆಳಗ್ಗೆ ಹತ್ತೂವರೆಗೆ, ಮಲೇಷ್ಯಾದ ಸೆಪಾಂಗ್ ಮಧ್ಯಾಹ್ನ ಹನ್ನೆರಡೂವರೆಗೆ. ಅಮೆರಿಕಾದ ಆಸ್ಟಿನ್ ರೇಸ್ ಮಾತ್ರ ಮಧ್ಯರಾತ್ರಿ ದಾಟಿದ ಮೇಲೆ. ರೇಸ್ ಮುಗಿಯೋದು ನಲವತ್ತು, ನಲವತ್ತೈದು ನಿಮಿಷದಲ್ಲಿ. ಒಂದು ಧಾರಾವಾಹಿ ಕಂತಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. "ದಿನವೆಲ್ಲ ಟಿವಿ ಮುಂದೆ ಕೂತಿರ್ತೀರ" ಅಂತ ಮನೆಯಾಕೆ ಬೈಯೋಕೂ ಆಗಲ್ಲ. 2023ರಿಂದ ಶನಿವಾರ ಅರ್ಧ ದೂರದ ಸ್ಪ್ರಿಂಟ್ ರೇಸ್ ಬೇರೆ ಸೇರಿಸಿದ್ದಾರೆ, ಹಾಗಾಗಿ ಬೈಯೋಕೆ ಒಂದು ದಿನ ಜಾಸ್ತಿ ಸಿಕ್ಕಿದೆ ಅನ್ನೋದೂ ನಿಜ.

ಈಗ ಟಿವಿ. ಇಪ್ಪತ್ತು ವರ್ಷದ ಹಿಂದೆ ನಮ್ಮೂರಲ್ಲಿ ಕೇಬಲ್‌ನವನು ಕೊಟ್ಟಿದ್ದೇ ಪ್ರಸಾದ. ಕ್ರೀಡಾ ಚಾನೆಲ್ಲಿನಲ್ಲಿ ರೇಸ್ ಬರುತ್ತೆ ಅಂತ ಪೇಪರಿನಲ್ಲಿ ಓದಿ ಕಾದು ಕೂತರೆ, ಎಲ್ಲೋ ನಡೀತಿದ್ದ ಕ್ರಿಕೆಟ್ ಪಂದ್ಯ ಮುಂದುವರಿದು ರೇಸ್ ಮಾಯ. ಅಥವಾ ಏಳು ಲ್ಯಾಪ್ ಬಾಕಿ ಇರೋವಾಗ ಜಾಹೀರಾತು, ವಾಪಸ್ ಬರೋ ಹೊತ್ತಿಗೆ ಶಾಂಪೇನ್ ಚಿಮುಕಿಸ್ತಿರ್ತಾರೆ. ಆ ಕಾಲದಲ್ಲಿ ನಾನು ನೋಡಿದ ರೇಸುಗಳಲ್ಲಿ ಗೆದ್ದವರು ಯಾರು ಅಂತ ಗೊತ್ತಿತ್ತು, ಹೇಗೆ ಗೆದ್ದರು ಅಂತ ಗೊತ್ತಿರಲಿಲ್ಲ. ಆದರೂ ವ್ಯಾಲೆಂಟಿನೋ ರೊಸ್ಸಿ ಅನ್ನೋ ಹೆಸರು ನಮ್ಮ ಕಾಲೇಜಿನ ಹುಡುಗರ ಬೈಕುಗಳ ಮೇಲೆಲ್ಲ 46 ಅನ್ನೋ ಹಳದಿ ಸ್ಟಿಕ್ಕರ್ ಆಗಿ ಹರಡಿತ್ತು. ಅಂಟಿಸಿಕೊಂಡವರಲ್ಲಿ ಎಷ್ಟು ಜನ ಅವನ ಒಂದು ರೇಸನ್ನಾದರೂ ಪೂರ್ತಿ ನೋಡಿದ್ದರು ಅನ್ನೋದು ಬೇರೆ ಪ್ರಶ್ನೆ.

ಆಮೇಲೆ ಪ್ರಸಾರದ ಹಕ್ಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸುತ್ತುತ್ತಲೇ ಇದೆ. ಕೆಲವು ವರ್ಷ ಯೂರೋಸ್ಪೋರ್ಟ್ ಚಾನೆಲ್ ತೋರಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ನೋಯ್ಡಾದಲ್ಲಿ ಮೊಟ್ಟಮೊದಲ ಭಾರತ ಗ್ರಾಂಡ್ ಪ್ರಿ ನಡೆದಾಗ ಸ್ಪೋರ್ಟ್ಸ್18 ಮತ್ತು ಜಿಯೋಸಿನಿಮಾದಲ್ಲಿ ಬಂತು. ಆ ಜಿಯೋಸಿನಿಮಾ ಅನ್ನೋ ಹೆಸರೇ 2025ರ ಫೆಬ್ರವರಿಯಲ್ಲಿ ಜಿಯೋಹಾಟ್‌ಸ್ಟಾರ್‌ನಲ್ಲಿ ಕರಗಿಹೋಯ್ತು. ಆದ್ದರಿಂದ "ಈ ಚಾನೆಲ್ ಹಾಕಿಸಿಕೊಳ್ಳಿ" ಅಂತ ಇಲ್ಲಿ ಬರೆದಿಟ್ಟರೆ ಮುಂದಿನ ವರ್ಷ ಓದಿದವರು ನನ್ನನ್ನ ಬೈತಾರೆ. ನನ್ನ ಸಲಹೆ ಇಷ್ಟೇ: ಸೀಸನ್ ಶುರುವಾಗೋ ಮುಂಚೆ, ಫೆಬ್ರವರಿಯಲ್ಲಿ, ಈ ವರ್ಷ ಭಾರತದಲ್ಲಿ ಹಕ್ಕು ಯಾರ ಹತ್ತಿರ ಇದೆ ಅಂತ ಮೋಟೋಜಿಪಿಯ ಅಧಿಕೃತ ತಾಣದಲ್ಲಿ ನೋಡಿಕೊಳ್ಳಿ. ಇಡೀ ವರ್ಷದ ಚಂದಾ ಕಟ್ಟೋ ಮುಂಚೆ ಒಂದು ತಿಂಗಳದ್ದು ಕಟ್ಟಿ ಪರೀಕ್ಷೆ ಮಾಡಿ. ಮೂರೂ ವರ್ಗ ತೋರಿಸ್ತಾರಾ, ಶನಿವಾರದ ಅರ್ಹತಾ ಸುತ್ತು ಇದೆಯಾ, ಮುಗಿದ ಮೇಲೆ ಪೂರ್ತಿ ರೇಸ್ ಮತ್ತೆ ನೋಡೋಕೆ ಸಿಗುತ್ತಾ... ಈ ಮೂರು ಪ್ರಶ್ನೆ ಸಾಕು. ನಾನೊಂದು ಆ್ಯಪ್‌ಗೆ (ಹೆಸರು ಬೇಡ ಬಿಡಿ) ದುಡ್ಡು ಕಟ್ಟಿದ್ದೆ. ಕೊನೆಯ ಲ್ಯಾಪ್‌ನ ಕೊನೆಯ ತಿರುವಿನಲ್ಲಿ ಅದರ ಚಕ್ರ ತಿರುಗೋಕೆ ಶುರುವಾಯ್ತು, ಬೈಕಿನ ಚಕ್ರ ನಿಂತುಹೋಯ್ತು!

ಎರಡನೇ ದಾರಿ ಮೋಟೋಜಿಪಿಯವರದ್ದೇ ಆದ ವಿಡಿಯೋಪಾಸ್. ದುಡ್ಡು ಯೂರೋದ ಲೆಕ್ಕದಲ್ಲಿ, ಹಾಗಾಗಿ ನಮಗೆ ಕೈ ಸುಡುತ್ತೆ. ಆದರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಅಭ್ಯಾಸದಿಂದ ಹಿಡಿದು ರೇಸಿನವರೆಗೆ ಎಲ್ಲ ನೇರ ಪ್ರಸಾರ, ಜಾಹೀರಾತಿಲ್ಲ, ಬೈಕಿನ ಮೇಲಿರೋ ಕ್ಯಾಮರಾಗಳಲ್ಲಿ ನಮಗೆ ಬೇಕಾದ್ದನ್ನ ಆರಿಸಿಕೊಳ್ಳಬಹುದು, 1992ರಿಂದ ಈಚಿನ ರೇಸುಗಳ ಉಗ್ರಾಣವೂ ಇದೆ. ಆ ಉಗ್ರಾಣವೇ ನನ್ನ ಪಾಲಿಗೆ ಅಸಲು ಆಸ್ತಿ. ಡಿಸೆಂಬರ್, ಜನವರಿಯಲ್ಲಿ ರೇಸ್ ಇಲ್ಲದಾಗ ಒಂದೊಂದೇ ಹಳೆಯದನ್ನ ತೆಗೆದು ನೋಡೋದರಲ್ಲಿರೋ ಸುಖ, ಅಟ್ಟದ ಮೇಲಿನ ಹಳೇ ಚಂದಮಾಮ ಸಿಕ್ಕಿದ ಹಾಗೆ. ನಾಲ್ಕು ಜನ ಗೆಳೆಯರಿದ್ದರೆ ಒಬ್ಬರ ಮನೆಯಲ್ಲಿ ಸೇರಿ ನೋಡಿ, ಕಾಫಿ ಖರ್ಚು ಉಳಿದ ಮೂವರದ್ದು. ನಾವು ಹಾಗೇ ಮಾಡೋದು.

ಮೂರನೇ ದಾರಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳಲ್ಲ. ಕದ್ದ ಲಿಂಕು. ಹತ್ತು ಕಿಟಕಿ ತೆರೆದುಕೊಂಡು, ಒಂಬತ್ತರಲ್ಲಿ ಜೂಜಿನ ಜಾಹೀರಾತು ಬಂದು, ಹತ್ತನೆಯದರಲ್ಲಿ ಅಂಚೆಚೀಟಿ ಗಾತ್ರದ ಚಿತ್ರ. ನೀತಿಯ ಮಾತು ಒಂದು ಕಡೆ ಇರಲಿ, ಬ್ಯಾಂಕಿನ ವ್ಯವಹಾರ ಮಾಡೋ ಕಂಪ್ಯೂಟರಿನಲ್ಲಿ ಇಂಥದ್ದನ್ನ ತೆರೆಯೋದು ಬಾಗಿಲು ತೆಗೆದಿಟ್ಟು ಜಾತ್ರೆಗೆ ಹೋದ ಹಾಗೆ. ಇನ್ನು ಕೆಲವರು ವಿಪಿಎನ್ ಹಾಕಿಕೊಂಡು ಆಸ್ಟ್ರಿಯಾದವರ ಹಾಗೆ ನಟಿಸಿ ಅಲ್ಲಿನ ಉಚಿತ ಚಾನೆಲ್ ನೋಡ್ತಾರೆ. ಸರ್ವುಸ್ ಟಿವಿ ಅಂತ, ಅದು ವರ್ಷಗಟ್ಟಲೆ ಪುಕ್ಕಟೆ ತೋರಿಸಿದೆ. ಜರ್ಮನ್ ಕಾಮೆಂಟರಿ ಕೇಳಿ ತಲೆಯಾಡಿಸ್ತಾ ಕೂರೋ ನನ್ನ ಗೆಳೆಯನನ್ನ ನೋಡಿದರೆ ಪಾಪ ಅನ್ನಿಸುತ್ತೆ. ಆದರೆ ಅವನ ಮೇಲೆ ನನಗೆ ಸಿಟ್ಟಿಲ್ಲ. ಇಲ್ಲಿ ನ್ಯಾಯವಾದ ಬೆಲೆಗೆ, ಸುಲಭವಾಗಿ, ಪ್ರತಿ ವರ್ಷ ಒಂದೇ ಕಡೆ ಸಿಗೋ ಹಾಗಿದ್ದರೆ ಅವನ್ಯಾಕೆ ಆಸ್ಟ್ರಿಯಾಕ್ಕೆ ವಲಸೆ ಹೋಗ್ತಿದ್ದ?

ಈ ಗೋಳು ನಮ್ಮೊಬ್ಬರದ್ದಲ್ಲ. ಇಂಗ್ಲೆಂಡಿನಲ್ಲಿ 2013ರವರೆಗೆ ಬಿಬಿಸಿಯಲ್ಲಿ ಬರ್ತಿದ್ದ ರೇಸು 2014ರಿಂದ ದುಡ್ಡು ಕೊಡೋ ಬಿಟಿ ಸ್ಪೋರ್ಟ್‌ಗೆ ಹೋಯ್ತು. ಅದೇ ವರ್ಷ ಇಟಲಿಯಲ್ಲೂ ಉಚಿತ ಚಾನೆಲ್ಲಿನಿಂದ ಸ್ಕೈಗೆ ಹೋಯ್ತು. ರೊಸ್ಸಿಯನ್ನ ಇಟಲಿಯ ಅಜ್ಜಿಯಂದಿರೂ ಮೊಮ್ಮಗನ ಹಾಗೆ ನೋಡಿಕೊಂಡಿದ್ದರೆ ಅದಕ್ಕೆ ಅವನ ಗೆಲುವಿನಷ್ಟೇ ಉಚಿತ ಟಿವಿಯೂ ಕಾರಣ ಅನ್ನೋದು ನನ್ನ ನಂಬಿಕೆ. ಭಾನುವಾರ ಊಟದ ಮನೆಯಲ್ಲಿ ಟಿವಿ ತನ್ನಷ್ಟಕ್ಕೆ ಓಡ್ತಿದ್ದರೆ ಮಕ್ಕಳು ನೋಡ್ತಾರೆ. ದುಡ್ಡು ಕಟ್ಟಿ ಹುಡುಕಬೇಕಾದದ್ದನ್ನ ಮೊದಲೇ ಹುಚ್ಚು ಹಿಡಿದವರು ಮಾತ್ರ ನೋಡ್ತಾರೆ. ಹೊಸ ಹುಚ್ಚರು ಎಲ್ಲಿಂದ ಬರಬೇಕು?

ಪುಕ್ಕಟೆ ದಾರಿಗಳೂ ಇವೆ, ನ್ಯಾಯವಾದದ್ದೇ. ಯೂಟ್ಯೂಬಿನ ಅಧಿಕೃತ ಚಾನೆಲ್ಲಿನಲ್ಲಿ ರೇಸಿನ ಸಾರಾಂಶ ಬರುತ್ತೆ, ಕೆಲವು ಹಳೇ ರೇಸುಗಳು ಪೂರ್ತಿಯಾಗಿಯೂ ಇವೆ. ಯಾರೂ ಹೇಳದ ಇನ್ನೊಂದು ದಾರಿ ಹೇಳ್ತೀನಿ. ಪ್ರತಿ ರೇಸಿನ ಪ್ರತಿ ಸವಾರನ ಪ್ರತಿ ಲ್ಯಾಪಿನ ಸಮಯ, ಟ್ರ್ಯಾಕನ್ನ ನಾಲ್ಕು ಭಾಗ ಮಾಡಿ, ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಲೆಕ್ಕ ಹಾಕಿ, ಪಿಡಿಎಫ್ ಮಾಡಿ ಅಧಿಕೃತ ತಾಣದಲ್ಲಿ ಪುಕ್ಕಟೆ ಹಾಕಿರ್ತಾರೆ. ನಗಬೇಡಿ, ನಾನು ಅದನ್ನ ಪಂಚಾಂಗದ ಹಾಗೆ ಓದ್ತೀನಿ! ಹನ್ನೆರಡನೇ ಲ್ಯಾಪಿನಿಂದ ಒಬ್ಬನ ಸಮಯ ಎರಡೆರಡು ಹತ್ತಾಂಶ ಕುಸೀತಾ ಹೋಗಿದ್ದರೆ ಅವನ ಹಿಂದಿನ ಟೈರ್ ಸವೀತಿದೆ ಅಂತ ಅನುಮಾನ ಪಡಬಹುದು. ಐದನೇ ಸ್ಥಾನದಲ್ಲಿದ್ದೋನು ಕೊನೆಯ ಆರು ಲ್ಯಾಪ್ ಎಲ್ಲರಿಗಿಂತ ವೇಗವಾಗಿದ್ದರೆ, ಅವನು ಮೊದಲರ್ಧ ಟೈರ್ ಉಳಿಸಿಕೊಂಡು ಕಾದಿದ್ದ ಅಂತ ಊಹಿಸಬಹುದು. ಟಿವಿಯ ಕ್ಯಾಮರಾ ಮುಂದಿದ್ದ ಇಬ್ಬರನ್ನೇ ತೋರಿಸ್ತಿದ್ದಾಗ ಹಿಂದೆ ನಡೆದ ಕಥೆ ಈ ಕಾಗದದಲ್ಲಿದೆ.

ಕಿವಿಯಿಂದ ನೋಡೋ ರೇಸೂ ಒಂದಿದೆ. ಐಲ್ ಆಫ್ ಮ್ಯಾನ್ ಟಿಟಿ. ಇಂಗ್ಲೆಂಡು, ಐರ್ಲೆಂಡಿನ ನಡುವಿನ ಒಂದು ಪುಟ್ಟ ದ್ವೀಪ, ಒಂದು ಲ್ಯಾಪ್ ಅಂದರೆ 60 ಕಿ.ಮೀ. ಸಾರ್ವಜನಿಕ ರಸ್ತೆ. ಹಳ್ಳಿ, ಸೇತುವೆ, ಮನೆಯ ಕಾಂಪೌಂಡು, ಬೆಟ್ಟ ಎಲ್ಲ ಅದರಲ್ಲೇ. ಹತ್ತು ಸೆಕೆಂಡಿಗೊಬ್ಬರಂತೆ ಬಿಡ್ತಾರೆ, ಗಡಿಯಾರದ ಜೊತೆ ಪೈಪೋಟಿ. ಅಲ್ಲೇ ಹೋಗಿ ನಿಂತವನಿಗೂ ಒಂದು ತಿರುವು ಬಿಟ್ಟು ಬೇರೇನೂ ಕಾಣಲ್ಲ. ಹಾಗಾಗಿ ಬೇಲಿಯ ಪಕ್ಕ ನಿಂತೋರೂ ಕಿವಿಗೆ ರೇಡಿಯೋ ಹಚ್ಚಿಕೊಂಡಿರ್ತಾರೆ. ಮ್ಯಾಂಕ್ಸ್ ರೇಡಿಯೋ ಕಾಮೆಂಟರಿ ಇಂಟರ್ನೆಟ್ಟಿನಲ್ಲಿ ನಮಗೂ ಕೇಳುತ್ತೆ. ಒಬ್ಬ ವೀಕ್ಷಕ ವಿವರಣೆಗಾರ ಮುಗಿಸಿದಲ್ಲಿಂದ ಮುಂದಿನ ಹಳ್ಳಿಯವನು ಹಿಡಿದುಕೊಳ್ತಾನೆ. ಆಕಾಶವಾಣಿಯಲ್ಲಿ ಕ್ರಿಕೆಟ್ ಕೇಳಿ ಬೆಳೆದವರಿಗೆ ಈ ರುಚಿ ತಕ್ಷಣ ಹತ್ತುತ್ತೆ. 2022ರಿಂದ ಟಿಟಿ ಪ್ಲಸ್ ಅಂತ ದುಡ್ಡಿನ ನೇರ ಪ್ರಸಾರ ಶುರುವಾಗಿದೆ, ಹೆಲಿಕಾಪ್ಟರ್ ದೃಶ್ಯಗಳು ಅದ್ಭುತ. ಆದರೂ ಜೂನ್ ತಿಂಗಳ ರಾತ್ರಿ, ಹೊರಗೆ ಮಳೆ, ಒಳಗೆ ಆ ರೇಡಿಯೋ... ನನ್ನ ಓಟು ಅದಕ್ಕೇ.

ಸರಿ, ಈಗ ಮೊದಲು ಹೇಳಿದ "ಹೇಗೆ ನೋಡ್ತೀವಿ" ವಿಚಾರಕ್ಕೆ ಬರ್ತೀನಿ.

ತುಮಕೂರಿನಲ್ಲಿರೋ ನನ್ನ ಅಕ್ಕನ ಮಗನಿಗೆ ಹದಿನೇಳು ವರ್ಷ. ಮೋಟೋಜಿಪಿ ಅಂದರೆ ಪ್ರಾಣ ಅಂತಾನೆ. "ಎಷ್ಟು ರೇಸ್ ನೋಡಿದೀಯ?" ಅಂದರೆ ಒಂದೂ ಇಲ್ಲ! ಅವನು ನೋಡೋದೆಲ್ಲ ಫೋನಿನಲ್ಲಿ ಮೂವತ್ತು ಸೆಕೆಂಡಿನ ತುಣುಕು. ಮಾರ್ಕ್ ಮಾರ್ಕೆಸ್ ಮೊಣಕೈ ನೆಲಕ್ಕೆ ಉಜ್ಜಿಕೊಂಡು ಹೋಗೋದು, ತೋಪ್ರಾಕ್ ರಾಜ್‌ಗತ್ಲಿಯೋಗ್ಲು ಹಿಂದಿನ ಚಕ್ರ ಗಾಳಿಯಲ್ಲಿ ಎತ್ತಿ ನಿಲ್ಲಿಸೋದು, ಯಾರೋ ಬಿದ್ದು ಉರುಳಿ ಎದ್ದು ಕೈ ಕೊಡವಿಕೊಂಡು ನಡೆದು ಹೋಗೋದು. ಹಿಂದೆ ಒಂದು ಜೋರು ಹಾಡು. ಅದಾದ ಮೇಲೆ ಅದೇ ಫೋನಿನಲ್ಲಿ ಮುಂದಿನ ತುಣುಕು, ನಮ್ಮದೇ ಯಾವುದೋ ಹೈವೇಯಲ್ಲಿ ಚಪ್ಪಲಿ ಹಾಕಿಕೊಂಡು ಸ್ಕೂಟರಿನಲ್ಲಿ ವೀಲಿಂಗ್ ಮಾಡೋ ಹುಡುಗ. ಇವನ ಕಣ್ಣಿಗೆ ಎರಡೂ ಒಂದೇ ಜಾತಿ. ಕಳೆದ ಸಲ ಹೋದಾಗ ಅಕ್ಕ ನನ್ನನ್ನ ಅಡುಗೆಮನೆಗೆ ಕರೆದು, "ನೋಡೋ, ಇವನ ತಲೆ ತುಂಬ ಅದೇ. ನೀನು ಬಂದಾಗೆಲ್ಲ ಆ ರೇಸಿನ ಮಾತು ತೆಗೀಬೇಡ. ಭಾವ ಬೈಕ್ ಕೀಲಿ ಬೀರುವಲ್ಲಿಟ್ಟು ಬೀಗ ಹಾಕ್ತಿದ್ದಾರೆ" ಅಂದಳು. ಅವಳ ಕಣ್ಣಲ್ಲಿ ಹೆದರಿಕೆ ಇತ್ತು. ಸುಳ್ಳು ಹೆದರಿಕೆ ಅಲ್ಲ ಅದು. ಪೇಪರ್ ಓದೋ ಯಾವ ತಾಯಿಗೂ ಇರೋದೇ.

ನಾನು ಹೇಳಿದ್ದು ಉಲ್ಟಾ. "ಅಕ್ಕ, ಅವನು ರೇಸ್ ನೋಡ್ತಿರೋದು ಜಾಸ್ತಿ ಆಗಿಲ್ಲ, ಕಮ್ಮಿ ಆಗಿದೆ. ಪೂರ್ತಿ ತೋರಿಸೋಣ" ಅಂತ.

ಪೂರ್ತಿ ನೋಡಿದರೆ ಏನು ಕಾಣುತ್ತೆ? ಮೊದಲನೆಯದಾಗಿ, ಅಲ್ಲಿ ವೇಗಕ್ಕಿಂತ ಬ್ರೇಕು ದೊಡ್ಡದು. ಎಲ್ಲಿ ನಿಧಾನ ಮಾಡಬೇಕು ಅಂತ ಗೊತ್ತಿರೋನು ಗೆಲ್ತಾನೆ. ಒಬ್ಬ ಬಿದ್ದರೆ ತಕ್ಷಣ ಹಳದಿ ಬಾವುಟ. ಬಾವುಟ ಕಂಡ ಕೂಡಲೆ ಜಗತ್ತಿನ ಅತಿ ವೇಗದ ಸವಾರರೂ ಓವರ್‌ಟೇಕ್ ಮಾಡೋ ಹಾಗಿಲ್ಲ, ಮಾಡಿದರೆ ದಂಡ. ಬಿದ್ದೋನು ಎದ್ದು ನಡೆಯೋದು ಅವನ ಪುಣ್ಯದಿಂದ ಅಲ್ಲ. ಟ್ರ್ಯಾಕಿನ ಪಕ್ಕ ಜಲ್ಲಿ ಹಾಸಿದ ವಿಶಾಲ ಜಾಗ ಇರೋದರಿಂದ, ಮೈಮೇಲೆ ಚರ್ಮದ ದಿರಿಸು ಇರೋದರಿಂದ, ಆ ದಿರಿಸಿನೊಳಗೆ ಏರ್‌ಬ್ಯಾಗ್ ಇರೋದರಿಂದ. 2018ರಿಂದ ಮೂರೂ ವರ್ಗಗಳಲ್ಲಿ ಅದು ಕಡ್ಡಾಯ. ನಮ್ಮ ಹೈವೇ ಡಿವೈಡರ್ ಪಕ್ಕ ಜಲ್ಲಿ ಹಾಸಿಲ್ಲ ತಮ್ಮಾ, ಅಂತ ಯಾವ ತುಣುಕು ಹೇಳಿಕೊಡುತ್ತೆ?

ಪೂರ್ತಿ ನೋಡೋನಿಗೆ ಇತಿಹಾಸವೂ ಕಾಣುತ್ತೆ. 2003ರಲ್ಲಿ ಸುಜುಕಾದಲ್ಲಿ ದಾಯ್ಜಿರೋ ಕಾಟೋ ಗೋಡೆಗೆ ಬಡಿದು ತೀರಿಕೊಂಡ. ಆಮೇಲೆ ಈ ಚಾಂಪಿಯನ್‌ಶಿಪ್ ಸುಜುಕಾಗೆ ವಾಪಸ್ ಹೋಗಲೇ ಇಲ್ಲ. ಮೇಲೆ ಹೇಳಿದ ಐಲ್ ಆಫ್ ಮ್ಯಾನ್ ಕೂಡ ಒಂದು ಕಾಲದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ ಭಾಗ, 1949ರ ಮೊಟ್ಟಮೊದಲ ಸುತ್ತೇ ಅಲ್ಲಿ ನಡೆದದ್ದು. 1972ರಲ್ಲಿ ಗಿಲ್ಬರ್ಟೋ ಪಾರ್ಲೊಟ್ಟಿ ಅಲ್ಲಿ ಸತ್ತಾಗ ಅವನ ಗೆಳೆಯ ಜಾಕೊಮೊ ಅಗೊಸ್ತಿನಿ, 15 ಸಲ ವಿಶ್ವ ಚಾಂಪಿಯನ್ ಅನ್ನಿಸಿಕೊಂಡವನು, ಇನ್ನು ಇಲ್ಲಿ ಓಡಿಸಲ್ಲ ಅಂದುಬಿಟ್ಟ. 1976ರ ನಂತರ ಆ ದ್ವೀಪಕ್ಕೆ ಚಾಂಪಿಯನ್‌ಶಿಪ್ ಮಾನ್ಯತೆಯೂ ಹೋಯ್ತು. ರಸ್ತೆ ಮುಚ್ಚಿಸಿ, ಎದುರಿಂದ ಒಂದು ಎತ್ತಿನ ಗಾಡಿಯೂ ಬರದ ಹಾಗೆ ಮಾಡಿದ ಮೇಲೂ, ಸಾರ್ವಜನಿಕ ರಸ್ತೆ ರೇಸಿಗೆ ತಕ್ಕುದಲ್ಲ ಅಂತ ಜಗತ್ತಿನ ಶ್ರೇಷ್ಠ ಸವಾರನೇ ಹೇಳಿದ. ಇದಕ್ಕಿಂತ ಒಳ್ಳೆ ಪಾಠ ಆ ಹುಡುಗನಿಗೆ ನಾನಾಗಲಿ ಭಾವ ಆಗಲಿ ಹೇಳೋಕೆ ಸಾಧ್ಯವಾ? ಟಿಟಿ ಇವತ್ತಿಗೂ ನಡೆಯುತ್ತೆ, ನಾನೂ ಕೇಳ್ತೀನಿ ನಿಜ. ಅಲ್ಲಿ ಸತ್ತವರ ಸಂಖ್ಯೆ 250 ದಾಟಿದೆ ಅನ್ನೋದನ್ನೂ ಜೊತೆಗೇ ಹೇಳ್ತೀನಿ.

ಮಾರ್ಕೆಸ್ ವಿಚಾರ ತೆಗೆದುಕೊಳ್ಳಿ. 2020ರ ಜುಲೈನಲ್ಲಿ ಹೆರೆಸ್‌ನಲ್ಲಿ ಬಿದ್ದು ಬಲತೋಳಿನ ಮೂಳೆ ಮುರಿದುಕೊಂಡ. ಒಂದೇ ವಾರಕ್ಕೆ ವಾಪಸ್ ಬರೋಕೆ ಹೋದ. ಒಳಗೆ ಹಾಕಿದ್ದ ಪ್ಲೇಟೂ ಮುರೀತು. ಆ ಒಂದು ತೋಳಿಗೆ ಒಟ್ಟು ನಾಲ್ಕು ಶಸ್ತ್ರಚಿಕಿತ್ಸೆ. ಮತ್ತೆ ಚಾಂಪಿಯನ್ ಆಗಿದ್ದು 2025ರ ಸೆಪ್ಟೆಂಬರ್‌ನಲ್ಲಿ, ಮೊಟೆಗಿಯಲ್ಲಿ. ಅದರ ಮುಂದಿನ ಭಾನುವಾರವೇ ಇಂಡೋನೇಷ್ಯಾದಲ್ಲಿ ಇನ್ನೊಬ್ಬ ಬಂದು ಗುದ್ದಿ ಭುಜಕ್ಕೆ ಪೆಟ್ಟಾಗಿ ಉಳಿದ ಸೀಸನ್ ಮನೆಯಲ್ಲಿ. ಮೊಣಕೈ ಉಜ್ಜೋ ಮೂವತ್ತು ಸೆಕೆಂಡು ಎಲ್ಲರ ಫೋನಿನಲ್ಲಿದೆ. ನಡುವಿನ ಐದು ವರ್ಷ ಯಾರ ಫೋನಿನಲ್ಲೂ ಇಲ್ಲ.

ಇದು ಬರೀ ಹೆದರಿಸೋ ಮಾತಲ್ಲ, ಸುಖದ ಮಾತೂ ಹೌದು. 2006ರ ಪೋರ್ಚುಗಲ್ ರೇಸ್, ಎಸ್ಟೊರಿಲ್. ಟೋನಿ ಎಲಿಯಾಸ್ ಅನ್ನೋ ಹುಡುಗ ರೊಸ್ಸಿಯನ್ನ ಗೆರೆಯ ಹತ್ತಿರ 0.002 ಸೆಕೆಂಡಿನಿಂದ ಸೋಲಿಸಿದ. ಕಣ್ಣು ಮಿಟುಕಿಸೋದರ ಎಷ್ಟೋ ಪಾಲು ಕಮ್ಮಿ ಅದು. ಎಲಿಯಾಸ್ ಮೋಟೋಜಿಪಿಯಲ್ಲಿ ಗೆದ್ದದ್ದು ಅದೊಂದೇ. ಅದೇ ರೇಸಿನಲ್ಲಿ ನಿಕಿ ಹೇಡನ್‌ನನ್ನ ಅವನದೇ ತಂಡದ ಡಾನಿ ಪೆಡ್ರೋಸಾ ಗುದ್ದಿ ಬೀಳಿಸಿದ್ದ, ಹೇಡನ್ ಕಥೆ ಮುಗೀತು ಅಂದುಕೊಂಡರು ಎಲ್ಲ. ಮುಂದಿನ, ಕೊನೆಯ ರೇಸಿನಲ್ಲಿ ರೊಸ್ಸಿಯೇ ಬಿದ್ದ. ಚಾಂಪಿಯನ್ ಪಟ್ಟ ಹೇಡನ್‌ಗೆ ಹೋಯ್ತು, 252ಕ್ಕೆ 247. ಐದೇ ಅಂಕ! ಮೊದಲನೆಯವನಿಗೆ 25, ಎರಡನೆಯವನಿಗೆ 20. ಅಂದರೆ ಎಸ್ಟೊರಿಲ್‌ನಲ್ಲಿ ಆ 0.002 ಸೆಕೆಂಡ್ ಆಚೀಚೆ ಆಗಿದ್ದರೆ ಅಂಕ ಸಮ, ಹೆಚ್ಚು ಗೆಲುವಿನ ಲೆಕ್ಕದಲ್ಲಿ ಪಟ್ಟ ರೊಸ್ಸಿಗೆ. ತುಣುಕು ನೋಡಿದವನಿಗೆ ಅದು "ವಾವ್, ಎಷ್ಟು ಹತ್ತಿರ" ಅಷ್ಟೇ. ಇಡೀ ಸೀಸನ್ ಜೊತೆಗೆ ನಡೆದವನಿಗೆ ಅದೊಂದು ಮಹಾಭಾರತದ ತಿರುವು.

ಹಾಗಾಗಿ ಹೊಸಬರಿಗೆ ನಾನು ಹೇಳೋ ಕ್ರಮ ಇದು. ಮೋಟೋಜಿಪಿಯಿಂದ ಶುರು ಮಾಡಬೇಡಿ. ಮಧ್ಯಾಹ್ನ ಎರಡೂವರೆಗೆ ಬರೋ ಮೋಟೋ3 ನೋಡಿ. ಹತ್ತು ಹದಿನೈದು ಹುಡುಗರು ಜೇನುಹುಳದ ಹಾಗೆ ಗುಂಪುಗೂಡಿ, ಒಬ್ಬರ ಹಿಂದೊಬ್ಬರು ಗಾಳಿಯ ಮರೆಯಲ್ಲಿ ಅಡಗಿ, ಕೊನೆಯ ತಿರುವಿನವರೆಗೂ ಯಾರು ಗೆಲ್ತಾರೆ ಅಂತ ಗೊತ್ತಾಗಲ್ಲ. ಒಬ್ಬ ಹುಡುಗನನ್ನ ಆರಿಸಿಕೊಳ್ಳಿ, ಮುಂದಿರೋನನ್ನ ಬೇಡ, ಎಂಟನೆಯವನೋ ಹತ್ತನೆಯವನೋ. ಒಂದು ವರ್ಷ ಅವನನ್ನೇ ಹಿಂಬಾಲಿಸಿ. ನಮ್ಮ ಮಹೀಂದ್ರಾ ಕಂಪನಿ ಮೋಟೋ3ಯಲ್ಲಿ ಬೈಕ್ ಓಡಿಸ್ತಿದ್ದ ಕಾಲದಲ್ಲಿ, 2016ರಲ್ಲಿ, ಆಸೆನ್‌ನಲ್ಲಿ ಅದಕ್ಕೆ ಮೊದಲ ಗೆಲುವು ತಂದುಕೊಟ್ಟ ಇಟಲಿಯ ಹುಡುಗನ ಹೆಸರು ಫ್ರಾಂಚೆಸ್ಕೋ ಬನ್ಯಾಯಾ. ಆಮೇಲೆ 2022 ಮತ್ತು 2023ರಲ್ಲಿ ಮೋಟೋಜಿಪಿ ವಿಶ್ವ ಚಾಂಪಿಯನ್ ಆದ. ಆವತ್ತು ಆ ರೇಸ್ ನೋಡಿದ ಕೆಲವೇ ಕೆಲವು ಭಾರತೀಯರಲ್ಲಿ ನಾನೂ ಒಬ್ಬ ಅಂತ ಹೇಳಿಕೊಳ್ಳೋಕೆ ಇವತ್ತಿಗೂ ಖುಷಿ :)

ಇನ್ನೊಂದು ಆಸೆ ಇದೆ. ಕನ್ನಡದಲ್ಲಿ ಕಾಮೆಂಟರಿ. ಐಪಿಎಲ್‌ಗೆ ಕನ್ನಡ ಬಂತು, ಕಬಡ್ಡಿಗೆ ಬಂತು. "ಯಾರು ನೋಡ್ತಾರೆ" ಅಂತ ಆಗಲೂ ಕೇಳಿದವರಿದ್ದರು. ಬೈಕಿಗೂ ನಮಗೂ ನಂಟಿಲ್ಲವಾ? ಜಾವಾ, ಯೆಜ್ದಿ ತಯಾರಾಗಿದ್ದು ಮೈಸೂರಿನಲ್ಲಿ. ಡಕಾರ್ ರ‍್ಯಾಲಿಯನ್ನ 2015ರಲ್ಲಿ ಪೂರ್ತಿ ಮಾಡಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರು. 2021ರಲ್ಲಿ ಅದೇ ಡಕಾರ್‌ನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಅವರು ಪ್ರಜ್ಞೆ ಇಲ್ಲದೆ ಮಲಗಿದ್ದಾಗ ಎಷ್ಟು ಕನ್ನಡಿಗರಿಗೆ ಗೊತ್ತಾಯ್ತು? 2019ರಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದ ಐಶ್ವರ್ಯಾ ಪಿಸ್ಸೆ ಕೂಡ ಬೆಂಗಳೂರಿನವರೇ. ಇಂಥವರಲ್ಲಿ ಒಬ್ಬರನ್ನ ಮೈಕ್ ಮುಂದೆ ಕೂರಿಸಿ, "ಈಗ ಇವನು ಬ್ರೇಕ್ ಹಿಡಿದದ್ದು ಲೇಟಾಯ್ತು, ಮುಂದಿನ ಚಕ್ರ ಕೈಬಿಡುತ್ತೆ ನೋಡಿ" ಅಂತ ನಮ್ಮ ಭಾಷೆಯಲ್ಲಿ ಹೇಳಿಸಿದರೆ, ಆ ಮಾತು ನಮ್ಮ ಹುಡುಗರ ಕಿವಿಗೆ ಬೀಳೋ ರೀತಿಯೇ ಬೇರೆ. ಪೊಲೀಸರ ಜಾಗೃತಿ ಫಲಕ ಮಾಡದ ಕೆಲಸವನ್ನ ಅದು ಮಾಡೀತು. ಹಾಗಂತ ನನ್ನ ನಂಬಿಕೆ.

ಪ್ರಪಂಚದಲ್ಲೇ ಅತಿ ಹೆಚ್ಚು ದ್ವಿಚಕ್ರ ವಾಹನ ಮಾರಾಟ ಆಗೋ ದೇಶ ನಮ್ಮದು. ಆದರೆ ರೇಸ್ ಮಾತ್ರ ಎಲ್ಲೋ ಮೂಲೆಯ ಚಾನೆಲ್ಲಿನಲ್ಲಿ, ಪ್ರತಿ ವರ್ಷ ಬೇರೆ ಮೂಲೆಯಲ್ಲಿ. 2023ರ ನೋಯ್ಡಾ ರೇಸಿನಲ್ಲಿ ಮಾರ್ಕೊ ಬೆಜ್ಜೆಕ್ಕಿ ಗೆದ್ದ. ಬಿಸಿಲು ತಡೆಯಲಾರದೆ 24 ಲ್ಯಾಪನ್ನ 21ಕ್ಕೆ ಇಳಿಸಿದ್ದರು. ಒಂದೇ ವರ್ಷ, 2024ರಲ್ಲೂ ಇಲ್ಲ, 2025ರಲ್ಲೂ ಇಲ್ಲ. ಬೈಕ್ ಮಾರೋಕೆ ನಾವು ಬೇಕು, ರೇಸ್ ತೋರಿಸೋಕೆ ಬೇಡವಾ? ದೂರದರ್ಶನವೋ, ಯಾವುದಾದರೂ ಬೈಕ್ ಕಂಪನಿಯೋ ಮುಂದೆ ಬಂದು ವರ್ಷಕ್ಕೆ ಕನಿಷ್ಠ ನಾಲ್ಕು ರೇಸನ್ನಾದರೂ ಪುಕ್ಕಟೆಯಾಗಿ, ಪೂರ್ತಿಯಾಗಿ ತೋರಿಸಲಿ. ಉಳಿದದ್ದಕ್ಕೆ ದುಡ್ಡು ಕಟ್ಟೋ ಜನ ತಾವಾಗೇ ಹುಟ್ಟಿಕೊಳ್ತಾರೆ.

ಅಲ್ಲೀತನಕ ನಮ್ಮ ಕೈಲಾಗೋದು ಒಂದಿದೆ. ನಿಮ್ಮ ಮನೆಯಲ್ಲೂ ಹದಿನಾರು ಹದಿನೇಳರ ಒಬ್ಬ ಹುಡುಗ ಇದ್ದೇ ಇರ್ತಾನೆ, ತಮ್ಮನೋ, ಅಣ್ಣನ ಮಗನೋ, ಪಕ್ಕದ ಮನೆಯವನೋ. ಒಂದು ಭಾನುವಾರ ಸಂಜೆ ಐದೂವರೆಗೆ ಅವನ ಕೈಯಿಂದ ಫೋನ್ ತೆಗೆದಿಟ್ಟು ಪಕ್ಕ ಕೂರಿಸಿಕೊಂಡು ಒಂದು ರೇಸನ್ನ ಮೊದಲಿಂದ ಕೊನೆಯವರೆಗೆ ನೋಡಿ. ಏನಾದರೂ ಪ್ರಶ್ನೆ ಕೇಳಿದರೆ, ಗೊತ್ತಿದ್ದಷ್ಟು ಹೇಳಿ. ಬೇಡ ಅಂತ ಬೀಗ ಹಾಕೋದಕ್ಕಿಂತ ಇದು ಒಳ್ಳೇದು ಅಂತ ನನಗನ್ನಿಸುತ್ತೆ. ನೀವೇನಂತೀರಿ?

ವಿ.ಸೂ: ರೇಸ್ ತಡವಾಗಿ ನೋಡೋರು ಭಾನುವಾರ ಸಂಜೆ ಫೋನಿನ ನೋಟಿಫಿಕೇಶನ್ ಆಫ್ ಮಾಡಿಡಿ. ಇಲ್ಲದಿದ್ದರೆ ನನ್ನಂಥ ಗೆಳೆಯ ಒಬ್ಬ ಯಾರು ಗೆದ್ದರು ಅಂತ ಮೆಸೇಜ್ ಕಳಿಸಿಬಿಟ್ಟಿರ್ತಾನೆ! ಚಳಿಗಾಲದಲ್ಲಿ ರೇಸ್ ಇಲ್ಲದೆ ಬೇಜಾರಾದರೆ "ಫಾಸ್ಟರ್" (2003) ಮತ್ತು "ಹಿಟ್ಟಿಂಗ್ ದಿ ಏಪೆಕ್ಸ್" (2015) ಅನ್ನೋ ಸಾಕ್ಷ್ಯಚಿತ್ರಗಳನ್ನ ಹುಡುಕಿ ನೋಡಿ. ಎರಡನೆಯದನ್ನ ಅಕ್ಕನ ಜೊತೆಗೇ ಕೂತು ನೋಡೋ ಯೋಚನೆ ಇದೆ. ಒಪ್ಪಿಸೋ ಕೆಲಸ ಬಾಕಿ :)